ನೀರು ಬಾರದ ಶುಕ್ರವಾರ

ದಿನವೂ ಕಾಯುವವರು ಇವತ್ತು ಕಾಯದೆ ಹೋಗಿದ್ದರು. ಕೃಪಾ ಊಟದ ಡಬ್ಬಿ ಹಿಡಿದು ವಠಾರದ ಗೇಟಿಗೆ ಬಂದಾಗ ಅಲ್ಲಿ ಬೀದಿನಾಯಿ ಬಿಟ್ಟರೆ ಯಾರೂ ಇರಲಿಲ್ಲ. ತಾನೇ ತಡ ಮಾಡಿದೆನೇನೋ ಎಂದು ಗಡಿಯಾರ ನೋಡಿಕೊಂಡಳು, ತಡವಾಗಿರಲಿಲ್ಲ. ಮಾವ ಚಿಕ್ಕಬೈರಪ್ಪನವರ ವಠಾರದಲ್ಲಿ ಬಾಡಿಗೆಗಿರುವ ಹೆಂಗಸರಲ್ಲಿ ಹೆಚ್ಚಿನವರು ಪೀಣ್ಯದ ಒಂದೇ ಶರ್ಟ್ ಕಾರ್ಖಾನೆಗೆ ಹೋಗುವವರು, ಓನರ್ ಮನೆಯ ಸೊಸೆಯಾದ ಅವಳೂ ಅಲ್ಲಿಗೇ ಹೋಗುವವಳು. ಸೊಸೆ ಗಾರ್ಮೆಂಟ್ಸಿಗೆ ಹೋಗುವುದೆಂದರೆ ಮಾವನಿಗೆ ಮೂಗು ಕೊಯ್ದಷ್ಟು ಅವಮಾನವಾಗಿತ್ತು. ಆದರೆ ಬಾಡಿಗೆಯೆಲ್ಲ ಮಾವನ ಜೇಬಿಗೆ, ನೀರಿನ ಟ್ಯಾಂಕರಿನ ಸಂಪಾದನೆಯೆಲ್ಲ ಗಂಡನ ಜೇಬಿಗೆ ಹೋಗುವ ಮನೆಯಲ್ಲಿ ಒಂದು ಸೋಪು ಬೇಕೆಂದರೂ ಕೈಯೊಡ್ಡಿ ನಿಲ್ಲಬೇಕಾದಾಗ ಅವಳು ಗಂಡನ ಬಳಿ ಹಟ ಹಿಡಿದು ಸೇರಿಕೊಂಡಿದ್ದಳು. ಲಗ್ಗೆರೆಯಿಂದ ಎಲ್ಲರ ಜೊತೆ ಹರಟುತ್ತ ನಡೆಯುವ ಆ ಅರ್ಧ ಗಂಟೆ ಅವಳ ದಿನದಲ್ಲೆಲ್ಲ ಹಗುರವಾದ ಹೊತ್ತು. ಅಲ್ಲಿ ಅವಳು ಸೊಸೆಯಲ್ಲ, ಓನರಮ್ಮನಲ್ಲ, ಬರೀ ಕೃಪಕ್ಕ. ಇವತ್ತು ಒಬ್ಬಳೇ ನಡೆದಳು. ಬೇಕೆಂದೇ ಬಿಟ್ಟು ಹೋಗಿರಲಾರರು, ಇವತ್ತಿನ ದಿನವೇ ಅಂಥದು, ತಲೆಬಿಸಿಯಲ್ಲಿ ಹೊರಟುಬಿಟ್ಟಿರುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೂ ರಿಂಗ್ ರೋಡಿನ ಬಳಿ ದೂರದಲ್ಲಿ ವಠಾರದವಳೇ ಆದ ಆಶಾರಾಣಿಯ ಹಸಿರು ದುಪಟ್ಟಾ ಕಂಡು ಅವಳು ಕೂಗಿದಾಗ, ಆ ದುಪಟ್ಟಾ ಒಂದು ಕ್ಷಣ ನಿಂತು ಮತ್ತೆ ಮುಂದೆ ಸರಿದದ್ದನ್ನು ನೋಡಿಬಿಟ್ಟಿದ್ದಳು. ಕೇಳಿಸಿರಲಿಲ್ಲ ಎಂದುಕೊಳ್ಳಲು ಈಗ ಆಗುತ್ತಿರಲಿಲ್ಲ.

ಇವತ್ತು ಲೇಬರ್ ಆಫೀಸಿನ ಸಾಹೇಬರು ಕಾರ್ಖಾನೆಗೆ ಬರುವ ದಿನ. ಕಾರ್ಖಾನೆಯ ಕೆಲಸಗಾರರ ಸಂಘ ಹುಟ್ಟಿ ಬಹಳ ಕಾಲವಾಗಿತ್ತು, ರಿಜಿಸ್ಟರೂ ಆಗಿತ್ತು. ಆದರೆ ಆಶಾರಾಣಿ ಸಂಘದ ಕಾರ್ಯದರ್ಶಿಯೆಂದು ಮನವಿ ಹಿಡಿದು ಹೋದಾಗಲೆಲ್ಲ ಎಚ್ಚಾರ್ ಮ್ಯಾನೇಜರ್ ಹರ್ಷವರ್ಧನ್ ನಗುನಗುತ್ತ, 'ನಿಮ್ಮ ಕಷ್ಟ ಏನಿದ್ರೂ ಹೇಳಿ ಆಶಾ, ಕೇಳ್ತೀನಿ. ಸಂಘ ಗಿಂಘ ಅನ್ಬೇಡಿ. ಅದ್ಯಾರು ಅಂತ ಕಂಪನಿಗೆ ಗೊತ್ತೇ ಇಲ್ಲ' ಎಂದು ಸಾಗಹಾಕುತ್ತಿದ್ದ. ಒಬ್ಬೊಬ್ಬರಾಗಿ ಹೋದರೆ ಕೂರಿಸಿ ಚಹಾ ಕೊಡುವ ಮನುಷ್ಯ, ನಾಲ್ವರು ಒಟ್ಟಿಗೆ ಹೋದರೆ ಮೀಟಿಂಗ್ ಇದೆ ಎಂದು ಎದ್ದುಬಿಡುತ್ತಿದ್ದ. ರಿಜಿಸ್ಟರ್ ಆಗುವುದು ಬೇರೆ, ಮಾನ್ಯತೆ ಸಿಗುವುದು ಬೇರೆ ಎಂಬುದು ಆ ಹೆಂಗಸರಿಗೆ ಗೊತ್ತಾದದ್ದೇ ಹೀಗೆ. ಕೆಲಸಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮವರು ಎಂದು ತೋರಿಸಿಕೊಟ್ಟರೆ ಮಾತ್ರ ಕಂಪನಿ ಆ ಸಂಘದ ಜೊತೆ ಕೂತು ಸಂಬಳದ, ಟಾರ್ಗೆಟ್ಟಿನ, ರಜೆಯ ಮಾತಾಡಲೇಬೇಕಾಗುತ್ತದೆ. ಸಂಘ ಹೇಳಿದ ಸದಸ್ಯರ ಲೆಕ್ಕವೇ ಸುಳ್ಳು ಎಂದು ಕಂಪನಿ ತಕರಾರು ತೆಗೆಯಿತು. ಹಾಗಿದ್ದರೆ ತಾನೇ ಬಂದು ಒಬ್ಬೊಬ್ಬರನ್ನೂ ಕರೆದು ಕೇಳುತ್ತೇನೆಂದು ಅಧಿಕಾರಿ ಹೊರಟಿದ್ದ. ಚೀಟಿ ಹಾಕಿಸಿ ಗುಟ್ಟಾಗಿ ಮತ ತೆಗೆದುಕೊಳ್ಳಿ ಎಂದು ಸಂಘದವರು ಅಂಗಲಾಚಿದ್ದು ನಡೆಯಲಿಲ್ಲ. ಮೇಜಿನ ಈ ಕಡೆ ಹರ್ಷವರ್ಧನ್, ಆ ಕಡೆ ಆಶಾರಾಣಿ, ನಡುವೆ ಅಧಿಕಾರಿ. ಕೂತವರಿಬ್ಬರೂ ತುಟಿ ಬಿಚ್ಚುವಂತಿಲ್ಲ. ಎದುರಿಗೆ ನಿಂತವಳು ಮಾತ್ರ ಬಾಯಿಬಿಟ್ಟು ಹೌದು ಅಥವಾ ಇಲ್ಲ ಎನ್ನಬೇಕು. ಸಂಬಳ ಕೊಡುವವನ ಕಣ್ಣೆದುರಿಗೇ ಅನ್ನಬೇಕು. 'ಎಣಿಕೆ ತುಂಬಾ ಟೈಟ್ ಇದೆ ಅಕ್ಕಾ' ಎಂದು ಆಶಾರಾಣಿ ಮೊನ್ನೆ ನಡೆಯುತ್ತ ಹೇಳಿದ್ದಳು. 'ನಮ್ಮ ವಠಾರದೋರು ಅಷ್ಟೂ ಜನ ಹೌದು ಅಂದ್ರೆ ದಾಟ್ಕೋತೀವಿ. ಅವರು ಕೈಕೊಟ್ರೆ ಮುಗೀತು, ಇನ್ನು ನಮ್ಮನ್ನ ಯಾರೂ ಕ್ಯಾರೇ ಅನ್ನಲ್ಲ.' ಕೃಪಾಳೂ ಸದಸ್ಯೆ. ಅದು ಆಶಾರಾಣಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಮನೆಯಲ್ಲಂತೂ ಗೊತ್ತಾಗುವ ಹಾಗೇ ಇರಲಿಲ್ಲ.

ಅವಳ ಕೆಲಸ ತಪ್ಪು ಹುಡುಕುವುದು. ಟೈಲರುಗಳ ಲೈನಿನ ಕೊನೆಯಲ್ಲಿ, ಟ್ಯೂಬ್‌ಲೈಟಿನ ಕೆಳಗಿನ ಚೆಕಿಂಗ್ ಟೇಬಲ್ಲಿನಲ್ಲಿ ನಿಂತು, ಬಂದ ಶರ್ಟನ್ನು ಹರಡಿ, ಕಾಲರಿನಿಂದ ಕಣ್ಣು ಇಳಿಸುತ್ತ ಬರಬೇಕು. ಹೊಲಿಗೆ ಬಿಟ್ಟಲ್ಲಿ, ಎಣ್ಣೆ ತಾಗಿದಲ್ಲಿ, ಪಟ್ಟೆಗೆ ಪಟ್ಟೆ ಕೂಡದಲ್ಲಿ ಬಾಣದ ಗುರುತಿನ ಒಂದು ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸು ಎಸೆಯಬೇಕು. ಆರು ವರ್ಷ ಇದನ್ನೇ ಮಾಡಿ ಅವಳ ಕಣ್ಣು ಹಾಳಾಗಿತ್ತು, ಮದುವೆ ಮನೆಯಲ್ಲೂ ಎದುರು ಕೂತವರ ರವಿಕೆಯ ತೋಳು ಓರೆಯಾಗಿರುವುದೇ ಮೊದಲು ಕಾಣುತ್ತಿತ್ತು. ಇವತ್ತು ಕಣ್ಣು ಶರ್ಟಿನ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಫ್ಲೋರ್ ಇನ್‌ಚಾರ್ಜ್ ಶ್ಯಾಮಣ್ಣ ಒಂದೊಂದೇ ಹೆಸರು ಕೂಗುತ್ತಿದ್ದ. ಕೂಗಿದವಳು ಮಿಷನ್ ನಿಲ್ಲಿಸಿ, ಮಡಿಲ ದಾರದ ಚೂರು ಕೊಡವಿ, ಗಾಜಿನ ಬಾಗಿಲಿನಾಚೆಯ ಟ್ರೈನಿಂಗ್ ರೂಮಿಗೆ ಹೋಗಿ, ಒಂದೆರಡು ನಿಮಿಷಕ್ಕೆ ಮುಖದಲ್ಲಿ ಏನೂ ತೋರಿಸದೆ ವಾಪಸು ಬಂದು ಮತ್ತೆ ಕೂರುತ್ತಿದ್ದಳು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೃಪಾ ಶರ್ಟಿನ ನೆವದಲ್ಲಿ ತಲೆ ತಗ್ಗಿಸಿ ಲೈನಿನ ಕಡೆ ನೋಡಿದಳು. ಸಾಲಾಗಿ ಕೂತವರ ಬೆನ್ನುಗಳು, ಬೆನ್ನಿನ ಮೇಲೆ ತಲೆಗೂದಲು. ಏನೋ ಸರಿಯಿಲ್ಲ ಎನ್ನಿಸಿತು. ಏನೆಂದು ತಿಳಿಯಲಿಲ್ಲ. ಶರ್ಟಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಸ್ಟಿಕ್ಕರ್ ಅಂಟಿಸಿರುತ್ತಿದ್ದಳು.

ಆಮೇಲೆ ತಿಳಿಯಿತು. ಇವತ್ತು ಶುಕ್ರವಾರ. ಶುಕ್ರವಾರವೆಂದರೆ ಕಾರ್ಖಾನೆಯ ತುಂಬ ಒದ್ದೆ ತಲೆಗಳು, ತುದಿಗೊಂದು ಗಂಟು ಹಾಕಿ ಬಿಟ್ಟ ಕೂದಲು, ರವಿಕೆಯ ಬೆನ್ನಿನಲ್ಲಿ ನೀರಿನ ಕಲೆ, ಸೀಗೆಪುಡಿಯ ವಾಸನೆ. ಪ್ರತಿ ಶುಕ್ರವಾರ ಶ್ಯಾಮಣ್ಣ 'ತಲೆ ಒರೆಸ್ಕೊಂಡು ಬನ್ರಮ್ಮ, ಪೀಸ್ ಮೇಲೆ ನೀರು ತೊಟ್ಟಿಕ್ಕಿದ್ರೆ ನಾನು ಉತ್ತರ ಕೊಡ್ಬೇಕು' ಎಂದು ಬಡಕೊಳ್ಳುತ್ತಿದ್ದ. ಇವತ್ತೂ ಅಕ್ಕಪಕ್ಕದ ಲೈನುಗಳಲ್ಲಿ ಒದ್ದೆ ತಲೆಗಳಿದ್ದವು. ಈ ಲೈನಿನಲ್ಲಿ ಮಾತ್ರ ಭಾಗ್ಯಮ್ಮನದು ಒಣ ತುರುಬು. ಅವಳ ಹಿಂದಿನವಳದು ನಿನ್ನೆಯ ಎಣ್ಣೆ ಜಡೆ, ಅದರಲ್ಲಿ ನಿನ್ನೆಯದೇ ಬಾಡಿದ ಹೂವು. ಅದರಾಚೆಗೂ ಒಣ ತಲೆ. ಎಲ್ಲವೂ ತಮ್ಮ ವಠಾರದ ತಲೆಗಳು. ಸಾವಿನ ಸೂತಕವೇ ಬಂತೇ ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿದ್ದೂ ನಿಜ. ಮರುಗಳಿಗೆಯೇ ಹೊಳೆಯಿತು. ಮೋಟರ್. ಬೆಳಗ್ಗೆ ಮೋಟರ್ ಹಾಕಲಿಲ್ಲ. ಕೈಯಲ್ಲಿದ್ದ ಶರ್ಟು ಹಾಗೇ ಮೇಜಿನ ಮೇಲೆ ಜಾರಿತು.

ವಠಾರದಲ್ಲಿ ನೀರು ಬಿಡುವುದು ಅವಳ ಕೆಲಸ, ಮದುವೆಯಾಗಿ ಬಂದ ತಿಂಗಳಿಂದ. ಮೆಟ್ಟಿಲ ಕೆಳಗಿನ ಸ್ವಿಚ್ಚು ಒತ್ತಿದರೆ ಅರ್ಧ ಗಂಟೆ ಎಲ್ಲ ಮನೆಗಳ ಮುಂದಿನ ನಲ್ಲಿಗಳೂ ಸುರಿಯುತ್ತವೆ. ಅಷ್ಟರಲ್ಲಿ ಡ್ರಮ್ಮು, ಕೊಡ, ಬಕೀಟು ತುಂಬಿಕೊಳ್ಳಬೇಕು, ಅದೇ ಆ ದಿನದ ನೀರು. ಒಂದು ದಿನ ಮರೆತವಳಲ್ಲ. ಹೆರಿಗೆಯಾದ ವಾರವೂ ಮಲಗಿದಲ್ಲಿಂದಲೇ ಗಂಡನಿಗೆ ಕೂಗಿ ಹೇಳಿದ್ದಳು. ಇವತ್ತು ಹೇಗೆ ಮರೆತಳು? ಬೆಳಗ್ಗೆ ಒಲೆಯ ಮುಂದೆ ನಿಂತು ಅವಳು ಟ್ರೈನಿಂಗ್ ರೂಮಿನಲ್ಲಿ ಹೇಳಬೇಕಾದ ಆ ಒಂದು ಮಾತನ್ನೇ ಬಾಯಲ್ಲಿ ತಿರುವಿ ಹಾಕುತ್ತಿದ್ದಳು. ಹಿತ್ತಿಲಲ್ಲಿ ಗಂಡ ಬೋರ್‌ವೆಲ್ಲಿನ ಪೈಪು ಸಿಕ್ಕಿಸಿ ಟ್ಯಾಂಕರ್ ತುಂಬಿಸುತ್ತಿದ್ದ. ದಿನವೂ ಮೊದಲ ಟ್ಯಾಂಕರ್ ಈ ಕಾರ್ಖಾನೆಗೇ ಬರುತ್ತದೆ. ದಡದಡ ನೀರು ಬೀಳುವ ಸದ್ದು ಅವಳ ಕಿವಿಗೆ ಬೀಳುತ್ತಲೇ ಇತ್ತು. ಆ ಸದ್ದು ಕೇಳುತ್ತ ಕೇಳುತ್ತ, ನೀರಿನ ಕೆಲಸ ಆಯಿತು ಎಂದು ಮನಸ್ಸಿನ ಯಾವುದೋ ಮೂಲೆ ಅದನ್ನು ಅಲ್ಲಿಗೇ ಮುಗಿಸಿಬಿಟ್ಟಿತ್ತು. ಇಷ್ಟೇ ನಡೆದದ್ದು. ಕಾರ್ಖಾನೆಗೆ ನೀರು ತುಂಬುವ ಸದ್ದು ಕೇಳಿ ಬಾಡಿಗೆದಾರರ ನೀರು ಮರೆತಳು. ಇದನ್ನು ಯಾರಿಗಾದರೂ ಹೇಳಿ ನಂಬಿಸುವುದುಂಟೇ?

ಅದೂ ನಿನ್ನೆ ಸಂಜೆ ಅಷ್ಟೆಲ್ಲ ನಡೆದ ಮೇಲೆ. ನಿನ್ನೆ ಹರ್ಷವರ್ಧನ್ ಮನೆಗೆ ಬಂದಿದ್ದ. ಕಾರನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ, ದ್ರಾಕ್ಷಿ ಗೋಡಂಬಿಯ ಡಬ್ಬಿ ಹಿಡಿದು, ಮಾವನನ್ನು 'ಯಜಮಾನ್ರೇ' ಎಂದು ಕರೆಯುತ್ತ ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಕೃಪಾ ಕಾಫಿ ತಂದಾಗ ಅರ್ಧ ಎದ್ದು, 'ಅಯ್ಯೋ ನೀವ್ಯಾಕೆ ತಂದ್ರಿ ಮೇಡಂ' ಎಂದ. ದಿನವೂ ಕಾರ್ಖಾನೆಯಲ್ಲಿ ಅವಳನ್ನು ಕಂಬದಂತೆ ದಾಟಿ ಹೋಗುವವನು. ಟ್ಯಾಂಕರ್ ಕಂಟ್ರಾಕ್ಟು ಮತ್ತೆ ಬರೆಯುವ ಕಾಲ ಬಂತಲ್ಲ ಎಂದ. ನಿಮ್ಮ ಮನೆಗಳಲ್ಲೇ ಇರುವ ಹೆಂಗಸರು ಯಾರದೋ ಮಾತು ಕೇಳಿ ಹಾಳಾಗುತ್ತಿದ್ದಾರಲ್ಲ ಎಂದ. ಇಷ್ಟು ಹೇಳಿ ಕಾಫಿ ಚೆನ್ನಾಗಿದೆ ಎಂದು ಎದ್ದು ಹೋದ. ಅವನು ಹೋದದ್ದೇ ತಡ, ಮಾವ ಅಂಗಳದ ನಡುವೆ ನಿಂತು, ಎಲ್ಲ ಬಾಗಿಲುಗಳಿಗೂ ಕೇಳುವ ಹಾಗೆ ಬಾಯಿ ಮಾಡಿದ್ದರು.

"ನನ್ ನೀರ್ ಕುಡ್ಕಂಡು, ನನ್ ಗೂಡ್ನಾಗೇ ಇದ್ಕಂಡು, ನನ್ ಅನ್ನಕ್ಕೇ ಕಲ್ಲಾಕ್ತವೆ! ನಾಳೀಕ್ ನಲ್ಲಿ ತಿರುಗ್ಸಿ ನೋಡ್ಲಿ, ಗೊತ್ತಾಯ್ತದೆ."

ಒಳಗೆ ಬಂದು ದನಿ ತಗ್ಗಿಸಿ ಅವಳಿಗೆ ಹೇಳಿದರು. "ಬೆಳಗ್ಗೆ ಮೋಟ್ರು ಆಕ್ಬ್ಯಾಡ ಕಣವ್ವ. ಒಂದಿನ ಸಾಕು. ಅಂಗೇ ಅರ್ತ ಮಾಡ್ಕತವೆ."

"ಹಾಕ್ತೀನಿ ಮಾವ," ಎಂದಿದ್ದಳು ಕೃಪಾ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಅಂದಿದ್ದಳು. "ನೀರು ನಿಲ್ಲಿಸೋ ಪಾಪ ನನ್ನ ಕೈಲಿ ಮಾಡಿಸ್ಬೇಡಿ."

ಮಾವ ಅವಳನ್ನು ನೋಡಿದ್ದರು. ಬಯ್ಯಲಿಲ್ಲ. "ನಿನ್ನಿಷ್ಟ ಬುಡು," ಎಂದು ಟೀವಿಯ ಕಡೆ ತಿರುಗಿದ್ದರು. ಹತ್ತು ವರ್ಷದಲ್ಲಿ ಮೊದಲ ಸಲ ಅವರಿಗೆ ಎದುರು ಮಾತಾಡಿ ಗೆದ್ದಿದ್ದಳು. ಆ ಖುಷಿ ತಡೆಯಲಾರದೆ ಆಶಾರಾಣಿಯ ಬಾಗಿಲಿಗೆ ಹೋಗಿ, 'ಮಾವ ಏನಾದ್ರೂ ಅಂದ್ಕೊಳ್ಳಲಿ, ಯಾರೂ ಹೆದರ್ಬೇಡಿ. ಸ್ವಿಚ್ಚು ನನ್ನ ಕೈಲಿದೆ' ಎಂದು ಹೇಳಿಯೂ ಬಂದಿದ್ದಳು. ಆ ಮಾತು ಈಗ ನೆನಪಾಯಿತು. ಸ್ವಿಚ್ಚು ನನ್ನ ಕೈಲಿದೆ. ಬೇರೆ ಯಾರು ಹೇಳಿದ್ದರೂ ಇಷ್ಟು ಚೆನ್ನಾಗಿ ಬೆದರಿಸಲು ಆಗುತ್ತಿರಲಿಲ್ಲ. ಈಗ ಮಾವ ಮನೆಯ ಜಗಲಿಯಲ್ಲಿ ಕೂತು, ಮೋಟರಿನ ಸದ್ದು ಬರಲಿಲ್ಲವೆಂದು ಮೀಸೆಯಲ್ಲೇ ನಗುತ್ತಿರುತ್ತಾರೆ. ಸೊಸೆ ಬಾಯಲ್ಲಿ ಏನೇ ಅಂದರೂ ದಾರಿಗೆ ಬಂದಳು ಎಂದುಕೊಂಡಿರುತ್ತಾರೆ. ಬಾಡಿಗೆದಾರರು ಒಂದು ಕಡೆ, ಮಾವ ಇನ್ನೊಂದು ಕಡೆ, ಎಲ್ಲರೂ ಅವಳ ಬಗ್ಗೆ ಒಂದೇ ಅಭಿಪ್ರಾಯಕ್ಕೆ ಬಂದಿದ್ದರು. ಫೋನ್ ಮಾಡಿ ಈಗಲಾದರೂ ಹಾಕಿಸೋಣವೆಂದರೆ ಫೋನುಗಳೆಲ್ಲ ಗೇಟಿನ ಸೆಕ್ಯೂರಿಟಿಯವನ ಡಬ್ಬದಲ್ಲಿದ್ದವು.

ಭಾಗ್ಯಮ್ಮ ಎದ್ದು ಬಾತ್‌ರೂಮಿನ ಕಡೆ ಹೋದದ್ದು ಕಂಡಿತು. ಕೃಪಾ ಹೊಟ್ಟೆನೋವಿನ ನೆವ ಹೇಳಿ ಹಿಂದೆಯೇ ಓಡಿದಳು. ಪಾವಗಡದ ಕಡೆಯಿಂದ ಬಂದು ವಠಾರದ ಮೊದಲ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಲದಿಂದ ಇರುವ ಹೆಂಗಸು. ಉಳಿದವರು ಅವಳ ಮುಖ ನೋಡಿಯೇ ಹೆಜ್ಜೆ ಇಡುವುದು. ಅವಳು ವಾಶ್ ಬೇಸಿನ್ನಿನ ನಲ್ಲಿ ತಿರುಗಿಸಿ, ಮುಖ, ಕತ್ತು, ಮೊಣಕೈವರೆಗೂ ತೊಳೆದುಕೊಳ್ಳುತ್ತಿದ್ದಳು. ಸೆರಗಿನ ತುದಿ ಒದ್ದೆ ಮಾಡಿ ಕಿವಿಯ ಹಿಂದೆ ಒರೆಸಿಕೊಳ್ಳುತ್ತಿದ್ದಳು. ಆ ನೀರು ತಮ್ಮ ಹಿತ್ತಿಲಿನದೇ, ಬೆಳಗ್ಗೆ ಗಂಡ ತಂದು ಸುರಿದದ್ದು ಎಂದು ಕೃಪಾಳಿಗೆ ಹೊಳೆದು ನಾಚಿಕೆಯಾಯಿತು.

"ಭಾಗ್ಯಕ್ಕ, ಬೆಳಗ್ಗೆ ಮೋಟರ್... ನಾನು ಮರ್ತೇಹೋದೆ ಭಾಗ್ಯಕ್ಕ. ಆಣೆಗೂ ಮರೆತೆ."

ಭಾಗ್ಯಮ್ಮ ಕನ್ನಡಿಯಲ್ಲೇ ಅವಳನ್ನು ನೋಡಿದಳು. ಅವಸರವಿಲ್ಲದೆ ನಲ್ಲಿ ನಿಲ್ಲಿಸಿದಳು.

"ಹೂಂ ಬಿಡ್ರಮ್ಮ. ಮರ್ತಿರ್ತೀರ. ದೊಡ್ಡೋರ ಮನೆ, ನೂರೆಂಟು ಕೆಲಸ."

"ನಿಜವಾಗ್ಲೂ ಅಕ್ಕ..."

"ನಾನೇನಾದ್ರೂ ಸುಳ್ಳು ಅಂದ್ನಾ? ಮರ್ತ್ರಿ. ನಿಮ್ ಮಾವ ನಿನ್ನೆ ಹೇಳಿದ್ರು, ನೀವು ಇವತ್ತು ಮರ್ತ್ರಿ. ಸರಿಯಾಗೇ ಐತಲ್ಲ." ಅವಳು ಸೆರಗು ಹಿಂಡಿ ಕೊಡವಿದಳು. "ಮನೇಲಿ ಮಗೀಗೆ ಜ್ವರ. ಒಂದು ಬಟ್ಟೆ ಹಿಂಡಿ ಹಣೆ ಮೇಲಿಡೋಣ ಅಂದ್ರೆ ಡ್ರಮ್ನಾಗೆ ತಳ ಕಾಣ್ತಿತ್ತು. ಹೋಗ್ಲಿ ಬಿಡ್ರಿ, ನಿಮ್ಗ್ಯಾಕೆ ಅದೆಲ್ಲ."

ಅವಳು ಹೋದ ಮೇಲೂ ಕೃಪಾ ಅಲ್ಲೇ ನಿಂತಿದ್ದಳು. ಬಯ್ದಿದ್ದರೆ ಬಯ್ಯಿಸಿಕೊಂಡು ಹಗುರಾಗಬಹುದಿತ್ತು. ಭಾಗ್ಯಮ್ಮ ಬಯ್ಯಲೂ ಇಲ್ಲ, ಓನರ್ ಜೊತೆ ಮಾತಾಡುವ ಹಾಗೆ ಮರ್ಯಾದೆ ಕೊಟ್ಟು ಮಾತಾಡಿದಳು. ಒಳಗೆ ಹೋಗಿ ಅವಳು ಏನು ಹೇಳುತ್ತಾಳೋ? ಜ್ವರ ಬಂದ ಮಗುವನ್ನು ಕಟ್ಟಿಕೊಂಡು ಬೇರೆ ಮನೆ ಎಲ್ಲಿ ಹುಡುಕಲಿ ಎಂದು ಹೆದರಿ ಇಲ್ಲ ಎಂದರೆ? ಅವಳು ಇಲ್ಲ ಎಂದಳೆಂದು ಉಳಿದವರೂ ಅಂದರೆ? ಇಷ್ಟು ವರ್ಷ ಆಶಾರಾಣಿ ಮನೆಮನೆ ಅಲೆದು ಕಟ್ಟಿದ್ದನ್ನು ಒಂದು ಸ್ವಿಚ್ಚು ಉರುಳಿಸಿಬಿಡುತ್ತದೆ. ಅದೂ ಒತ್ತದೆ ಬಿಟ್ಟ ಸ್ವಿಚ್ಚು.

ಮೇಜಿಗೆ ಮರಳಿ ಶರ್ಟು ಎತ್ತಿಕೊಂಡಳು. ಮರೆತದ್ದು ನಿಜವೇ ಎಂಬ ಪ್ರಶ್ನೆ ಎದ್ದದ್ದು ಆಗ. ಯಾರೋ ಹೊರಗಿನವರು ಕೇಳಿದ ಹಾಗೆ ಅದು ಕೇಳಿತು. ಮರೆತೆಯೋ, ಮರೆಯಲು ಬಿಟ್ಟೆಯೋ? ಅವಳಿಗೆ ಸ್ವಿಚ್ಚು ಒತ್ತುವಾಗಿನ ಆ ಬೆಳಗುಗಳು ನೆನಪಾದವು. ಒತ್ತಿದ ಕೂಡಲೇ ವಠಾರವೆಲ್ಲ ಎಚ್ಚರಾಗುತ್ತದೆ, ಕೊಡಗಳು ಕಣಕಣ ಎನ್ನುತ್ತವೆ, 'ನೀರ್ ಬಂತು, ನೀರ್ ಬಂತು' ಎಂಬ ಕೂಗು. ಎಲ್ಲರೂ ಅವಳು ಮೆಟ್ಟಿಲ ಕೆಳಗೆ ಹೋಗುವುದನ್ನೇ ಕಾಯುತ್ತ ನಿಂತಿರುತ್ತಾರೆ, 'ಇನ್ನೊಂದೈದು ನಿಮಿಷ ಬಿಡಿ ಅಕ್ಕಾ' ಎಂದು ಹಲ್ಲು ಗಿಂಜುತ್ತಾರೆ. ಬಿಡುತ್ತಿದ್ದಳು ಐದು ನಿಮಿಷ ಹೆಚ್ಚಿಗೆ. ಬಿಡುವಾಗ ಒಳಗೊಳಗೇ ಸುಖವಾಗುತ್ತಿತ್ತು, ಸುಳ್ಳೇಕೆ, ಆಗುತ್ತಿತ್ತು. ಆ ಮನೆಯಲ್ಲಿ ಅವಳ ಮಾತು ನಡೆಯುತ್ತಿದ್ದುದು ಆ ಅರ್ಧ ಗಂಟೆ ಮಾತ್ರ. ಜೊತೆಗೆ ನಡೆಯುವಾಗ ಕೃಪಕ್ಕ ಅನ್ನಿಸಿಕೊಳ್ಳುವುದು ಎಷ್ಟು ಇಷ್ಟವೋ, ಓನರಮ್ಮ ಅನ್ನಿಸಿಕೊಳ್ಳುವುದೂ ಅಷ್ಟೇ ಇಷ್ಟ. ಎರಡೂ ಬೇಕು. ನಿನ್ನೆ ಆಶಾರಾಣಿಯ ಬಾಗಿಲಲ್ಲಿ ನಿಂತು ಅಭಯ ಕೊಟ್ಟಳಲ್ಲ, ಅದು ಸದಸ್ಯೆ ಆಡಿದ ಮಾತೇ, ಓನರಮ್ಮ ಆಡಿದ ಮಾತೇ? ಸಂಘ ಗೆದ್ದರೆ ಇವರು ನಾಳೆ ಇನ್ನಷ್ಟು ಒಳ್ಳೆಯ ಮನೆ ನೋಡಿಕೊಂಡು ಹೋಗುತ್ತಾರೆ ಎಂಬ ಅಳುಕು ಯಾವತ್ತೂ ಮೂಡಿರಲಿಲ್ಲವೇ? ಮೂಡಿತ್ತು. ಆದರೂ ಮರೆತದ್ದು ನಿಜ. ನಿಜವೆಂದು ತನಗೇ ಹೇಳಿಕೊಳ್ಳಬೇಕಾಗಿ ಬಂದದ್ದು ಅವಳಿಗೆ ಬಹಳ ಕಷ್ಟವಾಯಿತು.

"ಕೃಪಾ! ಚೆಕಿಂಗ್!" ಎಂದು ಶ್ಯಾಮಣ್ಣ ಕೂಗಿದ.

ಭಾಗ್ಯಮ್ಮ ಆಗಲೇ ಹೋಗಿಬಂದು ಕೂತಿದ್ದಳು. ಅವಳ ಬೆನ್ನು ಏನೂ ಹೇಳಲಿಲ್ಲ. ಗಾಜಿನ ಬಾಗಿಲು ತಳ್ಳಿದಾಗ ಏಸಿಯ ತಣ್ಣನೆ ಗಾಳಿ ಬೆವೆತ ಮುಖಕ್ಕೆ ಬಡಿಯಿತು. ಅಧಿಕಾರಿ ಹನುಮಯ್ಯ ವಯಸ್ಸಾದ ಮನುಷ್ಯ, ಇಡೀ ಬೆಳಗ್ಗೆ ಒಂದೇ ಪ್ರಶ್ನೆ ಕೇಳಿ ಸುಸ್ತಾಗಿದ್ದ. ಬಲಗಡೆ ಆಶಾರಾಣಿ ಕೈಕಟ್ಟಿ ಕೂತಿದ್ದಳು. ಅವಳ ಕೂದಲೂ ಒಣಗಿತ್ತು. ಕೃಪಾ ಒಳಗೆ ಬಂದದ್ದನ್ನು ನೋಡಿ ಅವಳು ಮೇಜಿನ ಮೇಲಿನ ಪೆನ್ನಿನತ್ತ ಕಣ್ಣು ಇಳಿಸಿದಳು. ಎಡಗಡೆ ಕೂತಿದ್ದ ಹರ್ಷವರ್ಧನ್ ಎದ್ದೇಬಿಟ್ಟ. ಗೋಡೆಯ ಬದಿಯ ಕುರ್ಚಿಯೊಂದನ್ನು ಎಳೆದು ಅವಳ ಹತ್ತಿರ ಇಟ್ಟ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಯಜಮಾನ್ರು ಬೆಳಗ್ಗೆ ಫೋನ್ ಮಾಡಿದ್ರು. ತುಂಬಾ ಥ್ಯಾಂಕ್ಸ್ ಅಂತ ಹೇಳ್ಬಿಡಿ."

"ಸಾರ್, ನೀವು ಮಾತಾಡೋ ಹಾಗಿಲ್ಲ," ಎಂದ ಹನುಮಯ್ಯ.

"ಸಾರಿ ಸಾರ್. ಕುರ್ಚಿ ಕೊಟ್ಟೆ ಅಷ್ಟೇ."

ಬೆಳಗ್ಗಿನಿಂದ ಇಲ್ಲಿಗೆ ಬಂದು ಹೋದ ಯಾರಿಗೂ ಅವನು ಕುರ್ಚಿ ಕೊಟ್ಟಿರಲಿಕ್ಕಿಲ್ಲ. ಆಶಾರಾಣಿಯ ಕೆನ್ನೆ ಬಿಗಿದದ್ದು ಕೃಪಾಳಿಗೆ ಕಂಡಿತು. ಕಾಣಬೇಕಾದದ್ದೆಲ್ಲ ಕಾಣುವ ಹಾಳು ಕಣ್ಣು. ಕೂರಲಿಲ್ಲ. ಕುರ್ಚಿಯ ಪಕ್ಕದಲ್ಲೇ ನಿಂತಳು. ಹನುಮಯ್ಯ ಅವಳ ಹೆಸರು, ಟೋಕನ್ ನಂಬರು ಓದಿ, ಗಂಟಲು ಸರಿಮಾಡಿಕೊಂಡು ಕೇಳಿದ.

"ಈ ಸಂಘಕ್ಕೆ ನೀವು ಸದಸ್ಯರಾ? ನಿಮ್ಮ ಪರವಾಗಿ ಕಂಪನಿ ಜೊತೆ ಮಾತುಕತೆ ಮಾಡೋಕೆ ಇವರಿಗೆ ನಿಮ್ಮ ಒಪ್ಪಿಗೆ ಇದೆಯಾ? ಯಾರಿಗೂ ಹೆದರ್ಬೇಕಾಗಿಲ್ಲ."

ಬೆಳಗ್ಗೆ ಒಲೆಯ ಮುಂದೆ ಎಷ್ಟು ಸಲ ಹೇಳಿ ಅಭ್ಯಾಸ ಮಾಡಿದ್ದ ಮಾತು. ಹೌದು ಎಂದರೆ ಸಂಜೆಯೊಳಗೆ ಮಾವನಿಗೆ ಸುದ್ದಿ ಮುಟ್ಟುತ್ತದೆ. ಟ್ಯಾಂಕರ್ ನಿಲ್ಲುತ್ತದೆ, ಗಂಡ ಬಾಯಿಗೆ ಬಂದಂತೆ ಬಯ್ಯುತ್ತಾನೆ, ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸುತ್ತಾರೆ. ಇಲ್ಲ ಎಂದರೆ ಯಾರಿಗೂ ಆಶ್ಚರ್ಯವೇ ಆಗುವುದಿಲ್ಲ, ಆಶಾರಾಣಿಗೂ ಆಗುವುದಿಲ್ಲ. ಎಲ್ಲರೂ ಅವಳಿಂದ ಅದನ್ನೇ ನಿರೀಕ್ಷಿಸುತ್ತಿದ್ದಾರೆ. ಆ ಪದ ಬಾಯಿಂದ ಬಿದ್ದರೆ ಬೆಳಗ್ಗೆ ನೀರು ನಿಲ್ಲಿಸಿದ್ದೂ ನಿಜವೇ ಆಗಿಬಿಡುತ್ತದೆ ಎಂದು ಅವಳಿಗೆ ದಿಗಿಲಾಯಿತು.

"ಹೌದು."

"ಜೋರಾಗಿ ಹೇಳಮ್ಮ. ಇವರಿಬ್ಬರಿಗೂ ಕೇಳ್ಬೇಕು."

"ಹೌದು ಸಾರ್. ಸದಸ್ಯೆ. ಒಪ್ಪಿಗೆ ಇದೆ."

ಹರ್ಷವರ್ಧನ್ ಒಮ್ಮೆಲೇ ತಲೆಯೆತ್ತಿದ. ಮುಖದ ನಗು ಮಾತ್ರ ಹಾಗೇ ಇತ್ತು, ತೆಗೆಯುವುದು ಮರೆತಂತೆ. ಆಶಾರಾಣಿ ಪೆನ್ನಿನಿಂದ ಕಣ್ಣು ಎತ್ತಲಿಲ್ಲ. ಹನುಮಯ್ಯ ಗುರುತು ಹಾಕಿಕೊಂಡು, ಸರಿ ಹೋಗಮ್ಮ ಎಂದ. ಇಷ್ಟೇನಾ ಎನ್ನಿಸಿತು ಅವಳಿಗೆ. ಹೊರಗೆ ಬಂದಾಗ ಮಿಷನ್ನುಗಳ ಸದ್ದು ಮೊದಲಿನ ಹಾಗೇ ಇತ್ತು, ಅವಳ ಮೇಜಿನ ಮೇಲೆ ಶರ್ಟುಗಳು ಗುಡ್ಡೆ ಬಿದ್ದಿದ್ದವು. ಆಮೇಲೆ ಸಂಜೆಯವರೆಗೂ ಅವಳು ಒಂದು ಸ್ಟಿಕ್ಕರನ್ನೂ ಅಂಟಿಸಲಿಲ್ಲ. ಎಷ್ಟು ತಪ್ಪುಗಳು ಕಣ್ಣೆದುರೇ ಪ್ಯಾಕಿಂಗಿಗೆ ಹೋದವೋ ಅವಳಿಗೇ ತಿಳಿಯದು. ವಠಾರದವರು ಎದ್ದು ನೀರು ಕುಡಿಯಲು ಹೋಗುವುದು, ಗುಸುಗುಸು ಮಾತಾಡುವುದು, ತನ್ನ ಕಡೆ ತಿರುಗಿ ತಟ್ಟನೆ ಸುಮ್ಮನಾಗುವುದು, ಅದನ್ನೇ ನೋಡುತ್ತ ನಿಂತಿದ್ದಳು. ಸೋತರೆ ಅದು ತನ್ನಿಂದ. ಈ ಒಂದು ಮಾತು ಬಿಟ್ಟರೆ ತಲೆಯಲ್ಲಿ ಬೇರೇನೂ ಉಳಿದಿರಲಿಲ್ಲ.

ಕೆಲಸ ಬಿಡುವ ಹೊತ್ತಿಗೆ ಹನುಮಯ್ಯ ಕ್ಯಾಂಟೀನಿನ ಮುಂದೆ ನಿಂತು ಸರ್ಕಾರಿ ಭಾಷೆಯಲ್ಲಿ ಏನನ್ನೋ ಓದಿದ. ಹಿಂದೆ ನಿಂತವರಿಗೆ ಕೇಳಲಿಲ್ಲ. ಮುಂದಿದ್ದವರು ಕೂಗಿದಾಗಲೇ ತಿಳಿದದ್ದು. ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು, ಆದರೂ ಹೆಚ್ಚು. ಇನ್ನು ಈ ಸಂಘವನ್ನು ಕಂಪನಿ ಮಾತುಕತೆಗೆ ಕರೆಯಲೇಬೇಕು. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು, ಯಾರೋ ಅತ್ತರು, ಯಾರೋ ಬೇಕರಿಗೆ ಓಡಿದರು. ಕೃಪಾ ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಳು. ಉಳಿಯಿತು. ತನ್ನ ಕೈಯಿಂದ ಹಾಳಾಗದೆ ಉಳಿಯಿತು. ಅಳು ಬಂತು. ಹಾಗೇ ಬಿಟ್ಟಳು.

ಗುಂಪಿನಿಂದ ಬಿಡಿಸಿಕೊಂಡು ಆಶಾರಾಣಿ ಅವಳ ಹತ್ತಿರ ಬಂದಳು. ಕೂರಲಿಲ್ಲ, ನಿಂತೇ ಇದ್ದಳು.

"ಒಳಗೆ ನೀವು ಹೇಳಿದ್ದು ಕೇಳ್ದೆ ಅಕ್ಕಾ. ಇಲ್ಲ ಅಂತೀರ ಅಂತಲೇ ಇದ್ದೆ."

"ಆಶಾ, ಬೆಳಗ್ಗೆ ನಾನು ನಿಲ್ಲಿಸಿದ್ದಲ್ಲ ಕಣೇ. ಟ್ಯಾಂಕರ್ ತುಂಬೋ ಸದ್ದು ಕೇಳಿ ಮೋಟರ್ ಹಾಕಿದೀನಿ ಅಂದ್ಕೊಂಡ್‌ಬಿಟ್ಟೆ. ಮಾವನಿಗೆ ಹಾಕ್ತೀನಿ ಅಂತ ಎದುರೇ ಹೇಳಿದ್ದೆ. ಭಾಗ್ಯಕ್ಕ ನಂಬಲಿಲ್ಲ. ನೀನಾದ್ರೂ ನಂಬು."

ಆಶಾರಾಣಿ ಅವಳ ಮುಖ ನೋಡಿದಳು. ಅವಳ ಕಣ್ಣ ಸುತ್ತ ಕಪ್ಪಾಗಿತ್ತು.

"ನಂಬ್ತೀನಿ. ಆ ಮನುಷ್ಯನ ಎದುರು ಹೌದು ಅಂದೋರು ಸುಳ್ಳು ಯಾಕೆ ಹೇಳ್ತೀರ." ಆಮೇಲೆ ಗುಂಪಿನ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದಳು. "ಆದ್ರೆ ಅವರಿಗೆ ಹೇಳ್ಬೇಡಿ ಅಕ್ಕಾ."

"ಯಾಕೆ?"

"ನಿನ್ನೆ ನಿಮ್ ಮಾವ ಕೂಗಾಡಿದ್ಮೇಲೆ ನಮ್ಮೋರು ಎಷ್ಟೋ ಜನ ಇಲ್ಲ ಅಂದ್ಬಿಡೋಣ ಅಂತಿದ್ರು. ಮನೆ ಬಿಡ್ಸಿದ್ರೆ ಎಲ್ಲಿಗೆ ಹೋಗೋಣ ಅಂತ. ಭಾಗ್ಯಕ್ಕನೇ ಮೊದಲು ಅಂದಿದ್ದು. ಬೆಳಗ್ಗೆ ನಲ್ಲಿ ತಿರುಗ್ಸಿ ನೋಡಿದ್ರು, ಬರ್ಲಿಲ್ಲ. ದಾರೀಲಿ ಒಬ್ರೂ ಮಾತಾಡ್ಲಿಲ್ಲ. ಗೇಟ್ ಹತ್ರ ಬಂದ್ಮೇಲೆ ಭಾಗ್ಯಕ್ಕ, ಜ್ವರದ ಮಗೀಗೂ ನೀರು ಕೊಡ್ದೋರು ಇನ್ನೇನು ಕಿತ್ಕೊಂತಾರೆ, ನಡೀರೇ ಹೌದು ಅನ್ನೋಣ ಅಂದ್ರು. ಅಷ್ಟೂ ಜನ ಅಂದ್ರು. ಒಬ್ರೂ ತಪ್ಪಿಸ್ಲಿಲ್ಲ." ಅವಳು ದುಪಟ್ಟಾದಿಂದ ಮುಖ ಒರೆಸಿಕೊಂಡಳು. "ಹುಟ್ಟಿದಾಗಿಂದ ಇದೊಂದ್ಸಲ ಸೆಟೆದು ನಿಂತಿದಾರೆ. ಯಾರೂ ನೀರು ನಿಲ್ಲಿಸೇ ಇರ್ಲಿಲ್ಲ, ಮರ್ತಿದ್ರು ಅಷ್ಟೇ ಅಂತ ಗೊತ್ತಾದ್ರೆ ಏನನ್ಸುತ್ತೆ ಅವರಿಗೆ? ಮುಂದಿನ ವಾರ ಮಾತುಕತೆಗೆ ಕೂರ್ಬೇಕು. ಹರ್ಷವರ್ಧನ್ ಮತ್ತೆ ಒಬ್ಬೊಬ್ರನ್ನೇ ಕರ್ದು ಟೀ ಕೊಡ್ತಾನೆ. ಆಗ ಇವರಿಗೆ ಈ ಸಿಟ್ಟು ಬೇಕು ಅಕ್ಕಾ."

"ಅಲ್ಲೀವರೆಗೆ ನಾನು?"

"ಸದಸ್ಯೆ ಅಂತ ಜೋರಾಗಿ ಹೇಳಿದ್ರಲ್ಲ," ಎಂದಳು ಆಶಾರಾಣಿ. ಅದರಲ್ಲಿ ಕುಹಕವಿರಲಿಲ್ಲ, ಸದಸ್ಯೆಯಾಗಿ ಇದನ್ನೂ ಹೊರಬೇಕೆಂಬ ಬೇಡಿಕೆ ಇತ್ತು.

ಅಷ್ಟರಲ್ಲಿ ವಠಾರದವರೆಲ್ಲ ಇತ್ತಲೇ ಬಂದರು. ಭಾಗ್ಯಮ್ಮನ ಕೈಯಲ್ಲಿ ಪೇಡಾದ ಡಬ್ಬಿಯಿತ್ತು. ಆಶಾರಾಣಿಯ ಬಾಯಿಗೆ ಒಂದು ತುರುಕಿ, ಅವಳ ಗಲ್ಲ ಸವರಿ, ಕಟ್ಟೆಯ ಮೇಲೆ ಕೂತ ಕೃಪಾಳ ಮುಂದೆ ನಿಂತಳು. ಉಳಿದವರು ಸುತ್ತ ನಿಂತರು. ಬೆಳಗ್ಗೆ ಬಾತ್‌ರೂಮಿನಲ್ಲಿ ಕೊಟ್ಟಿದ್ದ ಮರ್ಯಾದೆ ಈಗ ಅವಳ ಮುಖದಲ್ಲಿರಲಿಲ್ಲ.

"ಏನ್ ಓನರಮ್ಮ, ಇನ್ನೂ ಮರ್ತೆ ಅಂತಲೇ ಅಂತೀರೋ? ಒಂದಿನ ನೀರು ನಿಲ್ಸಿದ್ರೆ ಇವೆಲ್ಲ ಬಾಲ ಮುದುರ್ಕೊಂಡು ಬಿದ್ದಿರ್ತವೆ ಅಂದ್ಕೊಂಡ್ರಾ?"

ಗಂಟಲಿನವರೆಗೂ ಬಂದಿತ್ತು. ನಾನೂ ಹೌದು ಅಂದೆ ಭಾಗ್ಯಕ್ಕ, ಆಶಾಳನ್ನೇ ಕೇಳಿ. ಒಂದೇ ಒಂದು ಮಾತು, ಅದನ್ನು ಹೇಳಿದರೆ ನಾಳೆ ಮತ್ತೆ ಗೇಟಿನಲ್ಲಿ ತನಗಾಗಿ ಕಾಯುತ್ತಾರೆ. ಆಶಾರಾಣಿಯ ಕಡೆ ನೋಡಿದಳು. ಅವಳು ಬಾಯಲ್ಲಿದ್ದ ಪೇಡಾ ಅಗಿಯುವುದನ್ನೂ ನಿಲ್ಲಿಸಿ, ನೆಲ ನೋಡುತ್ತ ನಿಂತಿದ್ದಳು. ಕೃಪಾ ಕಣ್ಣೊರೆಸಿಕೊಂಡು ಎದ್ದಳು, ಸೆರಗು ಸರಿಮಾಡಿಕೊಂಡಳು.

"ನಿಲ್ಸಿದ್ದೆ," ಎಂದಳು. "ಬೇಕು ಅಂತಲೇ ನಿಲ್ಸಿದ್ದು. ಏನೀಗ?"

ಭಾಗ್ಯಮ್ಮ ಪೇಡಾ ಡಬ್ಬಿಯ ಮುಚ್ಚಳ ಒತ್ತಿ ಹಾಕಿ, ಸೊಂಟದ ಮೇಲೆ ಕೈಯಿಟ್ಟು ಗಟ್ಟಿಯಾಗಿ ನಕ್ಕಳು. ಅವಳ ಹಿಂದೆ ಎಲ್ಲರೂ ಹೋ ಎಂದು ನಕ್ಕರು. ಓನರ್ ಮನೆಯವರ ಮುಖಕ್ಕೆ ಮುಖ ಕೊಟ್ಟು ಅವರು ಹೀಗೆ ನಕ್ಕದ್ದನ್ನು ಕೃಪಾ ಹಿಂದೆಂದೂ ನೋಡಿರಲಿಲ್ಲ.